ಕುತುಬಿನ ಆಚೆಗೆ ನಾಲ್ಕು ಹೆಜ್ಜೆ

ದೆಹಲಿ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆಂದರೆ ಕುತುಬ್ ಮಿನಾರಿಗೆ ಒಂದು ಸವಾರಿ ತಪ್ಪಿದ್ದಲ್ಲ. ಸುಮಾರು 73 ಮೀಟರು ಎತ್ತರದ ಮಿನಾರನ್ನು ಕತ್ತೆತ್ತಿ ನೋಡಿ, ಫೋಟೋ ತೆಗೆಸಿಕೊಂಡು, ಬಿಸಿಲಿಗೆ ಬೆದರಿ ಹಿಂದಿರುಗುವುದೇ ವಾಡಿಕೆ. ನಾವಾದರೋ, ಅಲ್ಲಿಂದಾಚೆ ಮೆಹ್ರೌಲಿಯಲ್ಲಿ ಇನ್ನೊಂದು ಗಂಟೆ ನಡೆಯಿರೆಂದು ಹೇಳುತ್ತೇವೆ.

ಮೊದಲು ಕುತುಬಿನ ಅಂಗಳದ ಕಬ್ಬಿಣದ ಕಂಬ. ಏಳು ಮೀಟರು ಉದ್ದ, ಆರು ಟನ್ನಿಗೂ ಮಿಕ್ಕ ತೂಕ; ಶತಮಾನಗಳ ಮಳೆಗಾಳಿಗೂ ತುಕ್ಕು ಹಿಡಿದು ಸವೆದಿಲ್ಲ. ಚಂದ್ರನೆಂಬ ರಾಜನು ಇದನ್ನು ವಿಷ್ಣುಧ್ವಜವಾಗಿ ನಿಲ್ಲಿಸಿದನೆಂದು ಅದರ ಮೇಲಿನ ಸಂಸ್ಕೃತ ಶಾಸನವೇ ಹೇಳುತ್ತದೆ. ನಮ್ಮ ಕಡೆಯ ಗರುಡಗಂಬವನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸುತ್ತಲಿನ ಮಸೀದಿಗೆ 27 ದೇವಾಲಯಗಳ ಸಾಮಗ್ರಿಯನ್ನು ಬಳಸಿದರೆಂಬುದೂ ಅಲ್ಲಿನ ಪಾರಸಿ ಶಾಸನದಲ್ಲಿದೆ. ಆ ಸಂಗತಿಯನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮೆಹ್ರೌಲಿಯ ಕಥೆ ಅಲ್ಲಿಗೇ ಮುಗಿಯುವುದೂ ಇಲ್ಲ.

ಒಮ್ಮೆ ಬೆಂಗಳೂರಿನಿಂದ ಬಂದ ನಮ್ಮ ಚಿಕ್ಕಮ್ಮನವರು ಇದನ್ನೆಲ್ಲ ನೋಡಿ, "ಇಷ್ಟು ದೂರ ಬಂದರೂ ಕೈಮುಗಿಯುವುದಕ್ಕೆ ಒಂದು ಗುಡಿಯಿಲ್ಲವೇನಪ್ಪಾ?" ಎಂದರು. ಹತ್ತಿರದಲ್ಲೇ ಇರುವ ಯೋಗಮಾಯೆಯ ಗುಡಿಗೆ ಕರೆದೊಯ್ದೆವು. ಕಂಸನ ಕೈಯಿಂದ ಜಾರಿ ಆಕಾಶಕ್ಕೇರಿದ ಕೂಸೇ ಇಲ್ಲಿಯ ದೇವಿ. ಅಲ್ಲಿಂದ ಓಣಿಗಳನ್ನು ಹಾದು ಹೋದರೆ, 1235ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಖ್ತಿಯಾರ್ ಕಾಕಿಯವರ ದರ್ಗಾ. ಹೆಂಗಸರು ಜಾಲಂದ್ರದ ಹೊರಗಿನಿಂದಲೇ ಗೋರಿಯ ದರ್ಶನ ಮಾಡಬೇಕು.

ಈ ಎರಡು ಸ್ಥಳಗಳನ್ನೂ ಹೂವು ಕಟ್ಟಿಹಾಕಿದೆ. ಗಡೀಪಾರಾದ ಮಗ ಮಿರ್ಜಾ ಜಹಾಂಗೀರ್ ಮರಳಿ ಬಂದರೆ ದರ್ಗಾಕ್ಕೆ ಹೂವಿನ ಚಾದರ ಒಪ್ಪಿಸುವೆನೆಂದು ಎರಡನೆಯ ಅಕ್ಬರ್ ಷಾಹನ ಬೇಗಮಳು ಹರಕೆ ಹೊತ್ತಳಂತೆ. ಹರಕೆ ತೀರಿದಾಗ ಯೋಗಮಾಯೆಗೂ ಹೂವು ಸಂದಿತು. ಹೀಗೆ 19ನೆಯ ಶತಮಾನದ ಆರಂಭದಲ್ಲಿ ಮೊದಲಾದ 'ಫೂಲ್‌ವಾಲೋಂ ಕೀ ಸೈರ್' ಉತ್ಸವದಲ್ಲಿ ಗುಡಿಗೂ ದರ್ಗಾಕ್ಕೂ ಹೂವಿನ ಬೀಸಣಿಗೆಗಳ ಮೆರವಣಿಗೆ ಹೋಗುತ್ತದೆ. 1942ರಲ್ಲಿ ಬ್ರಿಟಿಷರು ಅದನ್ನು ನಿಲ್ಲಿಸಿದರು. 1960ರ ದಶಕದ ಮೊದಲಲ್ಲಿ ನೆಹರೂ ಅವರ ಪ್ರೇರಣೆಯಿಂದ ಪುನಃ ಆರಂಭವಾಯಿತು. ಇದನ್ನು ಕೇಳಿ ಚಿಕ್ಕಮ್ಮ, "ನಮ್ಮ ಕರಗವೂ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಯೇ ಬರುತ್ತದಲ್ಲ!" ಎಂದರು.

ಆದರೆ ಇಂಥ ನೆರೆಹೊರೆ ತಾನಾಗಿ ಉಳಿಯುವುದಿಲ್ಲ. ದೇಶವಿಭಜನೆಯ ಗಲಭೆಯಲ್ಲಿ ಈ ದರ್ಗಾಕ್ಕೂ ಪೆಟ್ಟು ಬಿತ್ತು. ಸುತ್ತಲಿನ ಮುಸಲ್ಮಾನರು ಮನೆಮಠ ಬಿಟ್ಟು ಹೋದರು. 1948ರ ಜನವರಿ 13ರಂದು ಗಾಂಧೀಜಿ ದೆಹಲಿಯಲ್ಲಿ ಉಪವಾಸ ಹಿಡಿದಾಗ, ಇಲ್ಲಿಯ ಉರುಸು ನಿರ್ಭಯವಾಗಿ ನಡೆಯಬೇಕೆಂಬುದೂ ಅವರ ಷರತ್ತುಗಳಲ್ಲೊಂದು. 18ರಂದು ಉಪವಾಸ ಮುಗಿಯಿತು. 27ರಂದು ಅವರೇ ಉರುಸಿಗೆ ಬಂದರು. ಅದಾಗಿ ಮೂರೇ ದಿನಕ್ಕೆ ಅವರ ಹತ್ಯೆಯಾಯಿತು.

ದೆಹಲಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಕರಗವನ್ನು ಕಂಡಿದ್ದಾರೆ? ಅದರ ಅರ್ಥವನ್ನು ಅವರಿಗೆ ಮೆಹ್ರೌಲಿಯಲ್ಲಿ ತೋರಿಸಬಹುದು. ಮೆಟ್ರೋದಲ್ಲಿ ಕುತುಬ್ ಮಿನಾರ್ ನಿಲ್ದಾಣಕ್ಕೆ ಬೆಳಿಗ್ಗೆಯೇ ಬಂದಿಳಿದರೆ ಬಿಸಿಲೇರುವ ಮುನ್ನ ಎಲ್ಲವನ್ನೂ ನೋಡಬಹುದು. ಹೂವಿನ ಉತ್ಸವಕ್ಕೆ ಬರುವವರು ಆ ವರ್ಷದ ದಿನವನ್ನು ಮೊದಲೇ ವಿಚಾರಿಸಿಕೊಳ್ಳಲಿ. ಗುಡಿಗೊಂದು ಮೊಳ, ದರ್ಗಾಕ್ಕೊಂದು ಮೊಳ ಹೂವು ಮಕ್ಕಳ ಕೈಯಲ್ಲೇ ಇರಲಿ.