ರತ್ನಾಜಿ ಪಾರ್ಟು

ನಮ್ಮ ಸೋಂಪುರ ಹೋಬಳಿಯ ಹಳ್ಳಿಗಳಲ್ಲಿ ನಾಟಕದ ಪಾರ್ಟುಗಳಿಗೆ ರೇಟು ಇದೆ. ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು. ಕೃಷ್ಣ, ಕರ್ಣ, ಭೀಮರಿಗೆ ಅದಕ್ಕಿಂತ ಒಂದಿಷ್ಟು ಕಡಿಮೆ. ವಿದುರ, ಸಂಜಯರನ್ನು ಕೈಲಾಗದವರಿಗೆ ಬಿಟ್ಟುಕೊಡುತ್ತಾರೆ. ದುಡ್ಡು ಕೊಡುವವರು ಬಣ್ಣ ಹಚ್ಚುವವರೇ. ಅದು ಹೋಗುವುದು ಸೀನರಿಯವರಿಗೆ, ಡ್ರೆಸ್ಸಿನವರಿಗೆ, ಮೈಕಿನವರಿಗೆ ಮತ್ತು ತಿಂಗಳುಗಟ್ಟಲೆ ರಾತ್ರಿ ಬಂದು ಪ್ರಾಕ್ಟೀಸ್ ಮಾಡಿಸಿದ ಹಾರ್ಮೋನಿಯಂ ಮೇಷ್ಟ್ರಿಗೆ. ಬೆಂಗಳೂರಿನ ಸ್ನೇಹಿತರಿಗೆ ಇದನ್ನು ಹೇಳಿದರೆ ‘ದುಡ್ಡು ಕೊಟ್ಟು ಕುಣೀತೀರಾ?’ ಎಂದು ನಗುತ್ತಾರೆ. ಹೌದು, ಕೊಟ್ಟೇ ಕುಣಿಯುತ್ತೇವೆ. ವರ್ಷವೆಲ್ಲ ರಾಗಿ ಹೊಲದಲ್ಲೋ ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲೋ ಬೈಸಿಕೊಂಡವನಿಗೆ ಒಂದು ರಾತ್ರಿ ಹಸ್ತಿನಾಪುರ ಸಿಗುವುದಾದರೆ ಪುಕ್ಕಟೆ ಸಿಗಲಿ ಎಂದರೆ ಹೇಗೆ?

ನಾನು ಹೈಸ್ಕೂಲಿನಲ್ಲಿದ್ದಾಗ ಊರಿನವರು ಮಾಮೂಲಿ ಕುರುಕ್ಷೇತ್ರ ಬಿಟ್ಟು ಕುಮಾರರಾಮ ಕಟ್ಟಿದರು. ಮೇಷ್ಟ್ರ ಹತ್ತಿರ ಉದ್ದನೆಯ ಲೆಕ್ಕದ ಪುಸ್ತಕವೊಂದಿತ್ತು. ಅದರಲ್ಲಿ ಅವರ ಗುರುಗಳ ಕೈಬರಹದ ನಾಟಕ. ಎಲ್ಲ ಪಾರ್ಟುಗಳೂ ಬಿಕರಿಯಾದವು, ಒಂದನ್ನು ಬಿಟ್ಟು. ಅದು ರತ್ನಾಜಿ. ಹೆಣ್ಣು ಪಾರ್ಟಿಗೆ ತುಮಕೂರಿನಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಆ ಸಲ ಕೈಯಲ್ಲಿ ಕಾಸಿರಲಿಲ್ಲ. ಕೊನೆಗೆ ಬಿಟ್ಟಿಯಾಗಿ ಒಪ್ಪಿಕೊಂಡವರು ದಾಬಸ್‌ಪೇಟೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ನಮ್ಮ ಸೋದರಮಾವ. ಅವರು ಮೀಸೆ ಬೋಳಿಸಿಕೊಂಡ ದಿನ ಪಂಕ್ಚರ್ ಹಾಕಿಸುವುದಕ್ಕೆ ಬಂದವರಿಗಿಂತ ಮುಖ ನೋಡಲು ಬಂದವರೇ ಜಾಸ್ತಿ.

ಕಥೆ ಬಹಳ ಜನಕ್ಕೆ ಗೊತ್ತು. ಕುಮ್ಮಟದ ದೊರೆ ಕಂಪಿಲರಾಯನ ಮಗ ರಾಮ ಪರನಾರೀ ಸಹೋದರ ಎಂಬ ಬಿರುದಿನವನು. ಚೆಂಡಾಡುತ್ತಿದ್ದಾಗ ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಮೋಹಿಸುತ್ತಾಳೆ. ಅವನು ಒಲ್ಲೆ ಎಂದಾಗ ರಾಯನ ಬಳಿ ದೂರುತ್ತಾಳೆ. ರಾಯ ಹಿಂದೆಮುಂದೆ ನೋಡದೆ ಮಗನ ತಲೆ ತೆಗೆಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿಡುತ್ತಾನೆ. ರಾಮ ಸತ್ತನೆಂದು ತಿಳಿದು ದಿಲ್ಲಿಯ ದಂಡು ಏರಿ ಬರುತ್ತದೆ, ರಾಮ ಹೊರಬಂದು ಗೆಲ್ಲುತ್ತಾನೆ, ರತ್ನಾಜಿ ನೇಣು ಹಾಕಿಕೊಳ್ಳುತ್ತಾಳೆ. ಮುಂದೆ ಮಾತಂಗಿ ಎಂಬ ಹೆಂಗಸಿನ ಮುಂದಾಳತ್ವದಲ್ಲಿ ಬಂದ ದಂಡಿನೆದುರು ರಾಮ ಬೀಳುತ್ತಾನೆ, ಅವನ ತಲೆ ದಿಲ್ಲಿಗೆ ಹೋಗುತ್ತದೆ. ಇವತ್ತಿಗೂ ನಾಡಿನ ಹಲವು ಊರುಗಳಲ್ಲಿ ಮರದಲ್ಲಿ ಕಡೆದ ಕುಮಾರರಾಮನ ತಲೆಯನ್ನು ಗುಡಿಯಲ್ಲಿಟ್ಟು ಪೂಜಿಸುತ್ತಾರೆ.

ಮಾವ ಸಫೇದು ಬಳಿದುಕೊಂಡು, ನಮ್ಮತ್ತೆಯ ಮದುವೆ ಸೀರೆ ಉಟ್ಟು, ಚೆಂಡನ್ನು ಎದೆಗೊತ್ತಿಕೊಂಡು ಕುಮಾರರಾಮನ ಕಡೆ ಓರೆಗಣ್ಣು ಬಿಟ್ಟರು ನೋಡಿ, ಚಾಪೆಯ ಮೇಲೆ ಕೂತಿದ್ದ ಹೆಂಗಸರ ಗುಂಪಿನಿಂದ ಶಾಪದ ಸುರಿಮಳೆ. ಮರುದಿನ ನಲ್ಲಿಯ ಹತ್ತಿರ ನಮ್ಮತ್ತೆಯನ್ನೂ ಬಿಡಲಿಲ್ಲ. ‘ನಿನ್ ಗಂಡನ್ನ ಒಂದ್ ಕಣ್ಣು ನೋಡ್ಕೊಳ್ಳಮ್ಮ’ ಎಂದರಂತೆ. ಅತ್ತೆಗೆ ಒಳಗೊಳಗೇ ಹೆಮ್ಮೆ. ಮಾವನಿಗೆ ಮಾತ್ರ ಅಸಮಾಧಾನ. ಅದು ಪ್ರಾಕ್ಟೀಸಿನ ದಿನಗಳಿಂದಲೇ ಶುರುವಾಗಿತ್ತು.

‘ಮೇಷ್ಟ್ರೇ, ಇವಳಿಗೂ ಒಂದು ಕಂದ ಕೊಡಿ. ರಾಮ ಬಾಯಿ ತೆಗೆದರೆ ಹಾಡು. ಇವಳಿಗೆ ನೇಣು ಬಿಟ್ಟರೆ ಇನ್ನೇನಿಲ್ಲ.’

‘ಕೆಟ್ಟೋಳಿಗೆ ಯಾಕಯ್ಯ ಕಂದ?’

‘ದುರ್ಯೋಧನ ಒಳ್ಳೆಯೋನಾ ಮೇಷ್ಟ್ರೇ? ಅವನಿಗೆ ಅಷ್ಟೊಂದು ಕೊಟ್ಟಿದೀರಲ್ಲ.’

ಮೇಷ್ಟ್ರು ಹಾರ್ಮೋನಿಯಂ ತಿದಿ ಒತ್ತಿ ಮುಂದಿನ ಸೀನು ಹಿಡಿದರು. ಆ ಪ್ರಶ್ನೆ ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಮುದಿ ರಾಜ ಮಗನ ಪ್ರಾಯದವಳನ್ನು ತಂದು ಅಂತಃಪುರದಲ್ಲಿ ಕೂರಿಸಿದ್ದನ್ನು ಯಾರೂ ಕೇಳುವುದಿಲ್ಲ. ಅವಳು ಚೆಂಡು ಕೊಡಲಿಲ್ಲ ಎಂಬುದೇ ರಾಜ್ಯದ ಚಿಂತೆಯಾಗುತ್ತದೆ. ಸಾರಂಗಧರನ ಕಥೆಯಲ್ಲಿ ಚೆಂಡಿನ ಜಾಗದಲ್ಲಿ ಪಾರಿವಾಳ ಇದೆ, ರತ್ನಾಜಿಯ ಜಾಗದಲ್ಲಿ ಚಿತ್ರಾಂಗಿ. ಅಶೋಕನ ಮಗ ಕುಣಾಲನಿಗೂ ಗ್ರೀಕರ ಹಿಪ್ಪೊಲಿಟಸ್‌ಗೂ ಇಂಥದೇ ಮಲತಾಯಿಯರ ಕಾಟ. ಮಾವನ ಹಾಗೆ ಇವರೆಲ್ಲರ ಪರವಾಗಿ ಕಂದ ಕೇಳಿದವರು ಕಡಿಮೆ.

ಕಂಪಿಲರಾಯನ ರಾಜ್ಯ ಕಂಪಿಲಿ ಬಿದ್ದದ್ದು 1327ರ ಹೊತ್ತಿಗೆ. ನಂಜುಂಡ ಕವಿ ರಾಮನಾಥ ಚರಿತೆಯನ್ನು ಸಾಂಗತ್ಯದಲ್ಲಿ ಕಟ್ಟಿದ್ದು ಅದಾಗಿ ಸುಮಾರು 200 ವರ್ಷದ ಮೇಲೆ. ಪಾಂಚಾಳ ಗಂಗನೂ ಇದನ್ನೇ ಸಾಂಗತ್ಯವಾಗಿ ಹಾಡಿದ. ಜನಪದರು, ಬಯಲಾಟದವರು, 2006ರಲ್ಲಿ ಶಿವರಾಜ್‌ಕುಮಾರ್ ಅವರ ಸಿನಿಮಾದವರು, ನಮ್ಮ ಮೇಷ್ಟ್ರ ಗುರುಗಳು, ಎಲ್ಲರೂ ತಮಗೆ ಬೇಕಾದಂತೆ ಹೇಳಿದರು. ಇವರೆಲ್ಲರಿಗಿಂತ ಮೊದಲು, ಘಟನೆ ಇನ್ನೂ ಬಿಸಿಯಿರುವಾಗಲೇ ಅದನ್ನು ಕೇಳಿಸಿಕೊಂಡ ಒಬ್ಬನಿದ್ದಾನೆ. ಮೊರಾಕ್ಕೊದಿಂದ ಹೊರಟು 1334ರಲ್ಲಿ ದಿಲ್ಲಿ ಸೇರಿ ಅಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತ.

ಅವನ ಬರಹದಲ್ಲಿ ಚೆಂಡಿಲ್ಲ, ರತ್ನಾಜಿಯಿಲ್ಲ, ಕುಮಾರರಾಮನೂ ಇಲ್ಲ. ಇರುವುದು ಒಬ್ಬ ಓಡಿಬಂದವನು. ಮಹಮದ್ ಬಿನ್ ತುಘಲಕನ ಸೋದರಸಂಬಂಧಿ ಬಹಾವುದ್ದೀನ್. ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು ತಿರುಗಿಬಿದ್ದು, ಸೋತು, ಕಂಪಿಲರಾಯನ ಕೋಟೆಗೆ ಬಂದು ಆಸರೆ ಕೇಳುತ್ತಾನೆ. ದಿಲ್ಲಿಯ ಸೈನ್ಯ ಮುತ್ತಿಗೆ ಹಾಕುತ್ತದೆ. ಕೋಟೆಯೊಳಗಿನ ಧಾನ್ಯ ಮುಗಿಯುತ್ತದೆ. ಅತಿಥಿಯನ್ನು ಒಪ್ಪಿಸಿದರೆ ಮುತ್ತಿಗೆ ತೆರವಾಗುತ್ತಿತ್ತು. ರಾಯ ಅವನನ್ನು ಕರೆದು, ನಾನಂತೂ ಇಲ್ಲೇ ಸಾಯುತ್ತೇನೆ, ನೀನು ಇಂಥ ರಾಜನ ಬಳಿ ಹೋಗು, ಅವನು ಕಾಪಾಡುತ್ತಾನೆ ಎಂದು ಹೇಳಿ ಜನ ಕೊಟ್ಟು ಕಳಿಸುತ್ತಾನೆ. ಆಮೇಲೆ ದೊಡ್ಡ ಬೆಂಕಿ ಹಾಕಿಸುತ್ತಾನೆ. ರಾಣಿಯರು, ಹೆಣ್ಣುಮಕ್ಕಳು ಮಿಂದು, ಗಂಧ ಪೂಸಿಕೊಂಡು, ಅವನೆದುರು ನೆಲ ಮುಟ್ಟಿ ನಮಸ್ಕರಿಸಿ ಬೆಂಕಿಗೆ ಹಾರುತ್ತಾರೆ. ಗಂಡಸರೂ ಮಿಂದು ಗಂಧ ಹಚ್ಚಿಕೊಳ್ಳುತ್ತಾರೆ. ಆಯುಧ ಹಿಡಿಯುತ್ತಾರೆ, ಕವಚ ಮಾತ್ರ ತೊಡುವುದಿಲ್ಲ. ಹಾಗೇ ಹೊರಬಿದ್ದು ಕೊನೆಯವನವರೆಗೂ ಕಾದಾಡಿ ಸಾಯುತ್ತಾರೆ.

ಬತೂತನ ಪ್ರಕಾರ ರಾಯನ 11 ಮಕ್ಕಳು ಸೆರೆಸಿಕ್ಕಿ, ದಿಲ್ಲಿಗೆ ಹೋಗಿ, ಮುಸಲ್ಮಾನರಾಗಿ ಅಮೀರರಾದರು. ಅವರಲ್ಲಿ ಮೂವರನ್ನು ಅವನೇ ಕಂಡಿದ್ದ. ಒಬ್ಬನ ಕೆಲಸ ಸುಲ್ತಾನ ಕುಡಿಯುವ ನೀರಿನ ಮೊಹರು ಕಾಯುವುದು. ಅವನಿಗೂ ಬತೂತನಿಗೂ ಸ್ನೇಹವಿತ್ತು. ಕಂಪಿಲಿಯ ಕಥೆ ಬತೂತನಿಗೆ ಆ ಸ್ನೇಹಿತನ ಬಾಯಿಂದಲೇ ಬಂದಿರಬಹುದು ಎಂದು ನನ್ನ ಊಹೆ. ಅಪ್ಪನ ಕೊನೆಯ ದಿನವನ್ನು ಪರದೇಶಿಯೊಬ್ಬನಿಗೆ ಹೇಳುವಾಗ ಆ ಮಗ ಎಲ್ಲೆಲ್ಲಿ ತಡೆದಿದ್ದನೋ. ಅದರ ಬಗ್ಗೆ ಯಾರೂ ನಾಟಕ ಕಟ್ಟಲಿಲ್ಲ.

ನಮ್ಮ ಕಾವ್ಯ, ಹಾಡುಗಳಲ್ಲಿ ಈ ಬಹಾವುದ್ದೀನ್ ಆಸರೆ ಬೇಡಿ ಬಂದ ಬಹಾದ್ದೂರನಾಗಿ ಇದ್ದಾನೆ. ಆದರೆ ರಂಗಕ್ಕೆ ಬರುತ್ತ ಬರುತ್ತ ಅವನು ಸೈಡ್ ವಿಂಗಿಗೆ ಸರಿದ. ನಮ್ಮ ಮೇಷ್ಟ್ರ ಪುಸ್ತಕದಲ್ಲಂತೂ ಅವನು ಹೆಸರಿಗಷ್ಟೇ ಇದ್ದ. ಜನ ಕಾಯುವುದು ಚೆಂಡು ಬೀಳುವುದಕ್ಕೆ. ನನ್ನನ್ನು ಕೇಳಿದರೆ ಇಡೀ ಕಥೆಯಲ್ಲಿ ದೊಡ್ಡತನದ ಕೆಲಸ ಆ ಮುದುಕ ಕಂಪಿಲನದು. ಬೇರೆ ದೇವರಿಗೆ ಕೈಮುಗಿಯುವ, ನಿನ್ನೆಯವರೆಗೂ ಶತ್ರುವಿನ ಕಡೆಯವನಾಗಿದ್ದ ಒಬ್ಬನಿಗೆ ಕೊಟ್ಟ ಮಾತಿಗಾಗಿ ಮನೆಮಠ ಎಲ್ಲ ಕಳೆದುಕೊಂಡ. ಮಲತಾಯಿಯ ಕೋಣೆಯಿಂದ ಕೈಕೊಡವಿ ಎದ್ದುಬರುವುದು ಅದರ ಮುಂದೆ ಯಾವ ಲೆಕ್ಕ?

ಫ್ರೆಂಚರ ರೋಲಾಂಡನ ಕಥೆ ಓದಿದಾಗ ನನಗೆ ನಮ್ಮೂರಿನ ನಾಟಕವನ್ನೇ ಇನ್ನೊಂದು ಡ್ರೆಸ್ಸಿನಲ್ಲಿ ನೋಡಿದಂತಾಯಿತು. 778ರಲ್ಲಿ ಚಾರ್ಲ್‌ಮೇನ್ ದೊರೆಯ ಸೈನ್ಯ ಸ್ಪೇನಿನಿಂದ ಹಿಂತಿರುಗುವಾಗ ಪಿರನೀಸ್ ಬೆಟ್ಟದ ಕಣಿವೆಯಲ್ಲಿ ಬಾಸ್ಕ್ ಜನ ಅದರ ಹಿಂದಣ ತುಕಡಿಯನ್ನು ಹೊಂಚು ಹಾಕಿ ಕೊಚ್ಚಿದರು. ಬಾಸ್ಕರೂ ಕ್ರೈಸ್ತರ ನೆರೆಹೊರೆಯವರೇ. ದೊರೆಯ ಚರಿತ್ರೆ ಬರೆದ ಐನ್‌ಹಾರ್ಡ್ ಸತ್ತವರ ಪಟ್ಟಿಯಲ್ಲಿ ರೋಲಾಂಡನ ಹೆಸರು ಬರೆದು ಮುಂದಕ್ಕೆ ಹೋಗುತ್ತಾನೆ. 300 ವರ್ಷ ಕಳೆದು, ಧರ್ಮಯುದ್ಧಗಳ ಕಾಲಕ್ಕೆ, ಅದು ಸುಮಾರು 4000 ಸಾಲಿನ ಹಾಡಾಯಿತು. ಬಾಸ್ಕರು ಮಾಯವಾಗಿ ಲಕ್ಷಾಂತರ ಮುಸ್ಲಿಂ ಸೈನಿಕರು ಬಂದರು. ಇಷ್ಟಾದರೂ ಸೋಲಿಗೆ ಕಾರಣ ಮನೆಯೊಳಗೇ ಬೇಕಾಯಿತು. ಶತ್ರುವಿಗೆ ಗುಟ್ಟು ಬಿಟ್ಟುಕೊಟ್ಟ ಗಾನಲೋನ್ ಎಂಬುವನನ್ನು ತಂದರು. ಅವನು ರೋಲಾಂಡನಿಗೆ ಏನಾಗಬೇಕು ಅಂದುಕೊಂಡಿರಿ? ಮಲತಂದೆ! ಅಲ್ಲಿ ಮಲತಂದೆ, ಇಲ್ಲಿ ಮಲತಾಯಿ. ನಮ್ಮ ವೀರ ಬರೀ ಶತ್ರುವಿನ ಕೈಯಲ್ಲಿ ಸೋತ ಎನ್ನಲು ಯಾವ ನಾಡಿನ ಭಾಗವತನಿಗೂ ನಾಲಿಗೆ ಏಳುವುದಿಲ್ಲ. ಹೊರಗಿನಿಂದ ಬಂದು ಮನೆ ಸೇರಿದವರ ತಲೆಗೆ ಅದನ್ನು ಕಟ್ಟಬೇಕು.

ಈ ರೋಲಾಂಡ ಕೇರಳದಲ್ಲೂ ಇದ್ದಾನೆ. ಪೋರ್ಚುಗೀಸರ ಕಾಲದಲ್ಲಿ ಕೊಡುಂಗಲ್ಲೂರು, ಕೊಚ್ಚಿ ಕಡೆಯ ಲ್ಯಾಟಿನ್ ಕ್ರೈಸ್ತರ ನಡುವೆ ಬೆಳೆದ ಚವಿಟ್ಟು ನಾಟಕದಲ್ಲಿ ಕಾರಲ್‌ಮಾನ್ ಚರಿತಂ ಎಂದರೆ ಚಾರ್ಲ್‌ಮೇನನ ಕಥೆ. ಕಟ್ಟಿದವನು ಚಿನ್ನತಂಬಿ ಅಣ್ಣಾವಿ ಎನ್ನುತ್ತಾರೆ. ಭಾಷೆ ಹೆಚ್ಚುಪಾಲು ತಮಿಳು, ಆಡುವವರು ಮಲಯಾಳಿಗಳು, ದೊರೆ ಫ್ರಾನ್ಸಿನವನು. ಕೊಚ್ಚಿಯಲ್ಲಿ ಒಮ್ಮೆ ನೋಡಿದೆ. ಜರಿ ಹಚ್ಚಿದ ವೆಲ್ವೆಟ್ ಅಂಗಿ, ಶಿರಸ್ತ್ರಾಣ ತೊಟ್ಟ ಗಟ್ಟಿಮುಟ್ಟಾದ ಗಂಡಸರು ಹಲಗೆಯ ರಂಗದ ಮೇಲೆ ದಬದಬ ತುಳಿಯುತ್ತ ಹಾಡುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಅಜ್ಜ ಯುದ್ಧ ಶುರುವಾಗುತ್ತಲೇ ಎದ್ದು ನಿಂತ. ಪ್ಯಾರಿಸ್ ಯಾವ ದಿಕ್ಕಿನಲ್ಲಿದೆ ಎಂಬ ಚಿಂತೆ ಅಲ್ಲಿ ಯಾರಿಗೂ ಇರಲಿಲ್ಲ.

ಇನ್ನು ಆ ಬಹಾವುದ್ದೀನನ ಪಾಡು. ಕಂಪಿಲ ನಂಬಿ ಕಳಿಸಿದ ‘ಇಂಥ ರಾಜ’ ಹೊಯ್ಸಳ ಮೂರನೇ ಬಲ್ಲಾಳ. ಅಂದರೆ ನಮ್ಮ ಸೀಮೆಯ ದೊರೆ. ನಮ್ಮ ಊರಿನಿಂದ ಕಾಣುವ ಶಿವಗಂಗೆ ಬೆಟ್ಟದಲ್ಲೇ 1131ರಲ್ಲಿ ವಿಷ್ಣುವರ್ಧನನ ರಾಣಿ ಶಾಂತಲೆ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. (ಬೆಟ್ಟದಿಂದ ಹಾರಿದಳು ಎಂದು ಸೇರಿಸಿಕೊಂಡವರು ನಾವು, ಜಾಗವನ್ನೂ ತೋರಿಸುತ್ತೇವೆ.) ಹೊಯ್ಸಳರೆಂದರೆ ನಮ್ಮವರು ಎಂಬ ಅಭಿಮಾನ ನಮಗೆ. ಆ ನಮ್ಮ ಬಲ್ಲಾಳ ಅತಿಥಿಯನ್ನು ಹಿಡಿದು ದಿಲ್ಲಿಯವರಿಗೆ ಒಪ್ಪಿಸಿಬಿಟ್ಟ. ಸುಲ್ತಾನ ಅವನ ಚರ್ಮ ಸುಲಿಸಿ, ಹುಲ್ಲು ತುಂಬಿಸಿ, ಊರೂರು ಮೆರೆಸಿದ. ಹದಿನೈದು ವರ್ಷ ಕಳೆದಿರಬೇಕು. ಎಂಬತ್ತು ದಾಟಿದ ಅದೇ ಬಲ್ಲಾಳ ತಿರುಚ್ಚಿಯ ಹತ್ತಿರ ಕಣ್ಣಾನೂರಿನಲ್ಲಿ ಮದುರೆ ಸುಲ್ತಾನನ ಮೇಲೆ ಕಾದಾಡಿ ಸೆರೆಸಿಕ್ಕ. ಅವನಿಗೂ ಅದೇ ಗತಿ. ಹುಲ್ಲು ತುಂಬಿದ ಆ ಚರ್ಮ ಮದುರೆಯ ಗೋಡೆಗೆ ನೇತುಬಿದ್ದಿದ್ದನ್ನು ಕಣ್ಣಾರೆ ನೋಡಿ ಬರೆದಿಟ್ಟವನೂ ಇಬ್ನ್ ಬತೂತನೇ.

ಈ ವರ್ಷ ನಮ್ಮೂರಿನ ಹುಡುಗರು ಕುಮಾರರಾಮ ಮತ್ತೆ ಕಟ್ಟುತ್ತೇವೆ ಎಂದು ಹೊರಟಿದ್ದಾರೆ. ಹಳೇ ಮೇಷ್ಟ್ರು ಹೋದರು, ಅವರ ಪುಸ್ತಕವೂ ಗೆದ್ದಲಿನ ಪಾಲಾಯಿತು. ಹೊಸದಾಗಿ ಬರೆದುಕೊಡು ಎಂದು ನನಗೆ ಗಂಟುಬಿದ್ದಿದ್ದಾರೆ. ಮಾವನಿಗೆ ಈಗ ಮಂಡಿನೋವು, ಆದರೂ ಮೊದಲು ಫೋನ್ ಮಾಡಿದವರು ಅವರೇ. ರತ್ನಾಜಿಯ ಕಂದ ಆಯಿತಾ ಎಂದರು. ಆಯಿತು. ಬಹಾದ್ದೂರನಿಗೆ ಎರಡು ಪೂರ್ತಿ ಸೀನು ಕೊಟ್ಟಿದ್ದೇನೆ. ಸೋಂಪುರ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದು ನಮ್ಮೂರಲ್ಲಿ ರೂಮು ಮಾಡಿಕೊಂಡಿರುವ ಶಹಾಪುರದ ಹುಡುಗನೊಬ್ಬ, ‘ಸಗರ ನಮ್ಮೂರ ಬಾಜೂಕ ಐತ್ರಿ ಸರ, ಆ ಪಾರ್ಟ್ ನನಗ ಕೊಡ್ರಿ’ ಎಂದು ಅಡ್ವಾನ್ಸನ್ನೂ ಕೊಟ್ಟಿದ್ದಾನೆ.

ತಕರಾರು ಬಂದಿರುವುದು ಬಲ್ಲಾಳನ ಸೀನಿಗೆ. ಕಮಿಟಿಯ ಹಿರಿಯರೊಬ್ಬರು ಹಸ್ತಪ್ರತಿ ಓದಿಸಿ ಕೇಳಿಸಿಕೊಂಡು, ‘ಏನಪ್ಪ, ನಮ್ಮ ರಾಜನ್ನೇ ಕೆಟ್ಟೋನು ಮಾಡಿದ್ಯಲ್ಲ. ಒಪ್ಪಿಸಿದ್ದು ತೆಗಿ, ಕೊನೇಲಿ ಕಾದಾಡಿ ಸತ್ತಿದ್ದು ಇರ್ಲಿ, ಜನಕ್ಕೆ ರೋಮಾಂಚನ ಆಗುತ್ತೆ’ ಎಂದರು. ಒಪ್ಪಿಸಿದ್ದಕ್ಕೆ ಬೇಕಾದರೆ ಒಬ್ಬ ದುಷ್ಟಮಂತ್ರಿಯನ್ನು ಸೇರಿಸು ಎಂದು ಇನ್ನೊಬ್ಬರ ಸಲಹೆ. ಇಬ್ಬರನ್ನೂ ಮಾವ ದುರುಗುಟ್ಟಿಕೊಂಡು ನೋಡಿದರು. ಇದ್ದರೆ ಎರಡೂ ಇರಬೇಕು, ಇಲ್ಲದಿದ್ದರೆ ಬೇರೆಯವರಿಂದ ಬರೆಸಿಕೊಳ್ಳಿ ಎಂದಿದ್ದೇನೆ. ಕಮಿಟಿಯವರು ಆಗಲೇ ಗುಬ್ಬಿ ಕಡೆಯ ಇನ್ನೊಬ್ಬ ಮೇಷ್ಟ್ರ ನಂಬರು ಹುಡುಕುತ್ತಿದ್ದಾರೆ ಎಂದು ಸುದ್ದಿ.