ಜೋಬಿನ ಪಿಸ್ತೂಲು

ನಮ್ಮ ಕೇರಿಯಲ್ಲಿ ಕೊಡಲಿ ಇದೆ, ಕುಡುಗೋಲಿದೆ, ಮಚ್ಚಿದೆ. ಎಲ್ಲವೂ ದುಡಿಮೆಯ ಹತಾರಗಳು. ಪಿಸ್ತೂಲನ್ನು ನಾನು ಮೊದಲು ಕಂಡದ್ದು ಬಿ.ಎ. ಮುಗಿಸಿ, ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬನ ಹತ್ತಿರ ಲೆಕ್ಕ ಬರೆಯಲು ಸೇರಿದಾಗ.

ಅಂಗೈಯಗಲದ ಕಪ್ಪು ವಸ್ತು. ಪಾಯಿಂಟ್ 32. ಲೈಸೆನ್ಸಿತ್ತು. ಸಾರ್ವಜನಿಕ ಜಾಗದಲ್ಲಿ ಬಂದೂಕು ಝಳಪಿಸಬಾರದೆಂದು 2016ರ ಆಯುಧ ನಿಯಮಗಳು ಹೇಳುತ್ತವೆ. ಅವನು ಝಳಪಿಸುತ್ತಿರಲಿಲ್ಲ. ಶನಿವಾರದ ಬಟವಾಡೆಯಲ್ಲಿ ಜೋಬಿನಿಂದ ತೆಗೆದು ನೋಟಿನ ಕಂತೆಯ ಪಕ್ಕ ಇಡುತ್ತಿದ್ದ, ಕನ್ನಡಕ ತೆಗೆದಿಡುವ ಹಾಗೆ. ನೂಲು ಬಿಚ್ಚುವ ಹೆಂಗಸರು ಕೊಟ್ಟಷ್ಟು ಈಸಿಕೊಂಡು ಹೋಗುತ್ತಿದ್ದರು. ನಾನು ಪುಸ್ತಕದಲ್ಲಿ ಬರೆದದ್ದಕ್ಕೂ ಅವರ ಕೈಗೆ ಬಿದ್ದದ್ದಕ್ಕೂ ತಾಳೆ ಇರುತ್ತಿರಲಿಲ್ಲ.

ಯಳಂದೂರು ಕಡೆಯ ಒಬ್ಬ ಅಕ್ಕನನ್ನು ಕೇಳಿದೆ, "ಯಾಕಕ್ಕ, ಕಮ್ಮಿ ಆಯ್ತು ಅಂತ ಕೇಳ್ಬಾರ್ದಾ?"

"ಕೇಳ್ಬೋದು ಕನಪ್ಪ. ಅದು ಅಲ್ಲಿ ಕುಂತದಲ್ಲ, ಅದ್ಕೆ ಯಾರು ಉತ್ರ ಕೊಟ್ಟಾರು?"

ಮುಂದಿನ ಶನಿವಾರ ಪುಸ್ತಕದ ಮೊತ್ತವನ್ನು ಒಬ್ಬೊಬ್ಬರ ಹೆಸರು ಹಿಡಿದು ಗಟ್ಟಿಯಾಗಿ ಓದಿದೆ. ಅವನು ಪಿಸ್ತೂಲು ಎತ್ತಲಿಲ್ಲ. ಎಡಗೈಯಿಂದ ಪಕ್ಕಕ್ಕೆ ಸರಿಸಿ ಎಲ್ಲರಿಗೂ ಪೂರ್ತಿ ಎಣಿಸಿದ. ಕೊನೆಗೆ ನನ್ನ ಲೆಕ್ಕವನ್ನೂ ಚುಕ್ತಾ ಮಾಡಿದ. ಸೋಮವಾರದಿಂದ ನನಗೆ ಕೆಲಸವಿರಲಿಲ್ಲ.

ಜೋಬಿನ ಪಿಸ್ತೂಲಿನ ಗುಟ್ಟು ಇಷ್ಟೇ. ಅದು ಕಾಣಬಾರದು, ಆದರೆ ಇದೆಯೆಂದು ಎಲ್ಲರಿಗೂ ಗೊತ್ತಿರಬೇಕು. ನಮ್ಮ ಊರುಗಳಲ್ಲಿ ಜಾತಿ ಇರುವುದೂ ಹೀಗೇ.

ಸಣ್ಣ ಗುಂಡು ಎಂದು ಹಗುರ ಮಾಡುವಂತಿಲ್ಲ. ಪಾಯಿಂಟ್ 32 ಪಿಸ್ತೂಲಿನದು 7.65 ಮಿ.ಮೀ. ಗುಂಡು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಕೊಂದದ್ದು ಆ ಅಳತೆಯ ನಾಡಪಿಸ್ತೂಲು. ಎರಡೂ ಕಡೆ ಸಿಡಿದದ್ದು ಒಂದೇ ಪಿಸ್ತೂಲೆಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಬರೆಯುವ ಕೈಯನ್ನು ನಿಲ್ಲಿಸಲು ಜೋಬಿನಷ್ಟು ಜಾಗ ಸಾಕಾಯಿತು.

ಅವ್ವನ ತವರು ಹನೂರು ಕಡೆ. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು. ಅಲ್ಲಿಯವರೆಗೆ ಆ ಕಾಡಂಚಿನ ಜನ ಅವನ ಕೋವಿಗೂ ಪೊಲೀಸರ ಕೋವಿಗೂ ನಡುವೆ ಬದುಕಿದರು. ಅವ್ವ ಅನ್ನುತ್ತಾಳೆ: "ಕೋವಿ ಯಾರ್ದಾದ್ರೇನು ಮೊಗ, ಅದ್ರ ಬಾಯಿ ನಮ್ ಕಡೀಕೇಯ."

"ಹಂಗಾದ್ರೆ ನಮ್ ಕೈಲೂ ಒಂದಿರ್ಲಿ" ಎನ್ನುವ ಗೆಳೆಯರಿದ್ದಾರೆ. ಅದನ್ನು ನಕ್ಕು ತಳ್ಳಲಾರೆ. ಕೆಳಗಿನವರ ಕೈಗೆ ಆಯುಧ ಸಿಗದಂತೆ ಮಾಡಿದ್ದರಿಂದಲೇ ಚಾತುರ್ವರ್ಣ್ಯದ ವಿರುದ್ಧ ದಂಗೆ ಏಳಲಾಗಲಿಲ್ಲವೆಂದು ಅಂಬೇಡ್ಕರ್ 1936ರಲ್ಲೇ ಬರೆದರು. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ ಮೂರನೆಯದನ್ನು ಓದಿ. ದೌರ್ಜನ್ಯ ನಡೆಯುವ ಪ್ರದೇಶವೆಂದು ಗುರುತಿಸಿದ ಕಡೆ, ಅಗತ್ಯವೆನಿಸಿದರೆ ಪರಿಶಿಷ್ಟರಿಗೆ ಆಯುಧ ಲೈಸೆನ್ಸು ಕೊಡಬಹುದು. ಅದಕ್ಕೂ ಮೊದಲಿನ ಸಾಲು ಇನ್ನೂ ದೊಡ್ಡದು: ಪರಿಶಿಷ್ಟರಲ್ಲದವರ ಲೈಸೆನ್ಸು ರದ್ದು ಮಾಡಿ ಬಂದೂಕುಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಬಹುದು.

ಇವೆರಡರಲ್ಲಿ ಮೊದಲು ಯಾವುದನ್ನು ಕೇಳೋಣ?

ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರ ರಕ್ಷಣೆಗೆಂದು 'ನಿರ್ಭೀಕ್' ಎಂಬ ಪಾಯಿಂಟ್ 32 ರಿವಾಲ್ವರ್ ತಂದಿತು. ತೂಕ ಅರ್ಧ ಕೆ.ಜಿ., ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2024–25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ, ವರ್ಷಕ್ಕೆ 100 ದಿನ. ಆ ಯಳಂದೂರಿನ ಅಕ್ಕ ಆ ಕೂಲಿಯಲ್ಲಿ ಅದನ್ನು ಕೊಳ್ಳಬೇಕಾದರೆ ಮೂರೂವರೆ ವರ್ಷ ಉಣ್ಣದೆ ದುಡಿಯಬೇಕು. ಕೊಂಡರೂ, ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಹೊರಗಿನಿಂದ ಹಾಕಿದ ಚಿಲಕವನ್ನು ಒಳಗಿನ ಪಿಸ್ತೂಲು ತೆಗೆಯುತ್ತಿತ್ತೆ?

ಆದ್ದರಿಂದ ಮೊದಲು ಅವರ ಜೋಬು ಖಾಲಿಯಾಗಲಿ. ಜಿಲ್ಲೆಯಲ್ಲಿ ಬಂದೂಕಿನ ಲೈಸೆನ್ಸಿಗೆ ಸಹಿ ಹಾಕುವವರು ಜಿಲ್ಲಾಧಿಕಾರಿ. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ದೌರ್ಜನ್ಯ ಜಾಗೃತಿ ಸಮಿತಿಯ ಅಧ್ಯಕ್ಷರೂ ಅವರೇ. ಮೇಷ್ಟ್ರೇ, ವಿದ್ಯಾರ್ಥಿ ಗೆಳೆಯರೇ, ಆ ನಿಯಮವನ್ನು ಕೇರಿಯ ಜಗಲಿಯ ಮೇಲೆ ಗಟ್ಟಿಯಾಗಿ ಓದಿ. ಆಮೇಲೆ ಒಂದು ಅರ್ಜಿ ಬರೆಯಿರಿ: ನಮ್ಮ ಹೋಬಳಿಯಲ್ಲಿ ಎಷ್ಟು ಜೋಬುಗಳಿಗೆ ಸಹಿ ಹಾಕಿದ್ದೀರಿ, ಅದರಲ್ಲಿ ನಮ್ಮವು ಎಷ್ಟು?