ಹಾಳಾದ ಎರಡು ಬೋರ್ಡುಗಳು

ಕಳೆದ ಬೇಸಗೆಯಲ್ಲಿ ಕಡಬದ ಅಣ್ಣನ ಮನೆಗೆ ಹೋಗಿದ್ದೆ. ಕುಮಾರಧಾರೆಯ ಆಸುಪಾಸಿನ ಅಡಿಕೆ ತೋಟಗಳಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಮಾತೆಲ್ಲವೂ ನೀರಿನದೇ. ಮೂರು ಫೇಸಿನ ಕರೆಂಟು ನಡುರಾತ್ರಿ ಬಂದರೆ ನಡುರಾತ್ರಿಯೇ ಎದ್ದು, ಟಾರ್ಚು ಹಿಡಿದು ಪಂಪ್ ಶೆಡ್ಡಿಗೆ ಇಳಿಯಬೇಕು. ಎಪ್ಪತ್ತು ದಾಟಿದ ಅಣ್ಣನಿಗೆ ತೋಟದ ಮೆಟ್ಟಲುಗಳೇ ಶತ್ರುಗಳು.

ಅವನ ಮೊಮ್ಮಗ, ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ 1986ರಲ್ಲಿ ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ, ಇದಕ್ಕೊಂದು ಉಪಾಯ ಹೂಡಿದ್ದ. ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡು. ಅದರಲ್ಲಿ ಇಎಸ್‌ಪಿ32 ಎಂಬ ಚಿಪ್ಪು. ಬೆಲೆ ಐನೂರು ರೂಪಾಯಿಯ ಸುಮಾರು. ಮನೆಯ ವೈಫೈ ಮೂಲಕ ಮೊಬೈಲಿನಿಂದ ಅಪ್ಪಣೆ ಹೋದರೆ ಬೋರ್ಡು ರಿಲೇಯನ್ನು ಎಳೆಯುತ್ತದೆ, ರಿಲೇ ಪಂಪಿನ ಸ್ಟಾರ್ಟರನ್ನು ಎಬ್ಬಿಸುತ್ತದೆ.

ಅಣ್ಣ ಹಿಗ್ಗಿ, “ನಾಳೆಯೇ ಜೋಡಿಸು” ಎಂದ. ಹುಡುಗ ಒಪ್ಪಲಿಲ್ಲ. ಬೋರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅದರ ಮೆಮೊರಿಯನ್ನೆಲ್ಲ ಒಂದು ಫೈಲಾಗಿ ಹೊರತೆಗೆದ. ಅರ್ಥವಾಗದ ಅಕ್ಷರಗಳ ಕಾಡಿನ ನಡುವೆ ಮನೆಯ ವೈಫೈ ಪಾಸ್‌ವರ್ಡು ನಿಚ್ಚಳವಾಗಿ ಕುಳಿತಿತ್ತು! ಅದು ಅತ್ತಿಗೆಯ ಹೆಸರೆಂಬುದು ನನಗೆ ತಿಳಿದದ್ದು ಅಂದೇ.

“ಅಜ್ಜ, ಶೆಡ್ಡಿಗೆ ಬಾಗಿಲೇ ಇಲ್ಲ. ಬೋರ್ಡನ್ನು ಕಿತ್ತೊಯ್ದವನಿಗೆ ಮನೆಯ ಬೀಗದ ಕೈ ಕೊಟ್ಟ ಹಾಗೆ. ಕೆರೆ ಬತ್ತಿದ ರಾತ್ರಿ ಅವನು ಮೋಟಾರು ಚಾಲೂ ಮಾಡಿದರೆ?”

ನಮ್ಮ ತೋಟಕ್ಕೆ ಯಾವ ಕಳ್ಳ ಬರುತ್ತಾನೆಂದು ನಾನು ನಕ್ಕೆ. ಅವನು 2016ರ ‘ಮಿರಾಯ್’ ಸಂಗತಿಯನ್ನು ಹೇಳಿದ. ಕಾರ್ಖಾನೆಯವರು ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ದುಷ್ಟರು ಸೇನೆಯಂತೆ ಕೂಡಿಸಿ, ದೊಡ್ಡ ದೊಡ್ಡ ಜಾಲತಾಣಗಳನ್ನೇ ಗಂಟೆಗಟ್ಟಲೆ ಸ್ತಬ್ಧಗೊಳಿಸಿದ್ದರು. ನನ್ನ ನಗು ನಿಂತಿತು.

ಮೆಮೊರಿಯನ್ನು ಗೂಢಲಿಪಿಯಲ್ಲಿಡುವ ಏರ್ಪಾಡು ಆ ಚಿಪ್ಪಿನಲ್ಲೇ ಉಂಟು. ಆದರೆ ಅದಕ್ಕಾಗಿ ಒಳಗಿನ ಸೂಕ್ಷ್ಮ ಫ್ಯೂಸುಗಳನ್ನು ಸುಡಬೇಕು. ಸುಟ್ಟದ್ದನ್ನು ಮರಳಿ ಕೂಡಿಸಲಾಗದು. ಕ್ರಮ ತಪ್ಪಿದರೆ ಬೋರ್ಡು ಕಸ. ಹುಡುಗ ಎರಡನ್ನು ಹಾಗೆ ಕಳೆದ. ಅಣ್ಣ ಗೊಣಗುತ್ತಲೇ ಮೂರನೆಯದಕ್ಕೆ ಹಣ ಕೊಟ್ಟ. ಬಾಲ್ಯದಲ್ಲಿ ರೇಡಿಯೋ ಬಿಚ್ಚಿ ನಾನು ತಿಂದ ಪೆಟ್ಟುಗಳು ನೆನಪಾದವು. ತಂದೆಯವರನ್ನು ದೂರುವಂತಿಲ್ಲ, ಮನೆಗಿದ್ದದ್ದು ಅದೊಂದೇ ರೇಡಿಯೋ, ಹಾಳುಮಾಡಿ ಕಲಿಯುವ ಸೌಭಾಗ್ಯ ನಮಗೆಲ್ಲಿತ್ತು?

ಮೂರನೆಯ ಬೋರ್ಡಿನ ಫೈಲಿನಲ್ಲಿ ಅತ್ತಿಗೆಯ ಹೆಸರನ್ನು ಅಣ್ಣನೂ ನಾನೂ ಕನ್ನಡಕ ಏರಿಸಿಕೊಂಡು ಹುಡುಕಿದೆವು. ಸಿಗಲಿಲ್ಲ. ಮರುದಿನ ಅದು ಶೆಡ್ಡಿಗೆ ಹೋಯಿತು. ಸ್ಟಾರ್ಟರಿನ ಹಳೆಯ ಹಸಿರು ಗುಂಡಿಯನ್ನು ಹುಡುಗ ಹಾಗೆಯೇ ಉಳಿಸಿದ್ದಾನೆ. ಅಣ್ಣ ಈಗಲೂ ಒಮ್ಮೊಮ್ಮೆ ಅದನ್ನು ಒತ್ತಲೆಂದೇ ಇಳಿಯುತ್ತಾನೆಂದು ಅತ್ತಿಗೆಯ ದೂರು.